ಎದುರುಮನೆಯ ಹಿತ್ತಾಳೆ ತಾಟು

ನಿನ್ನೆ ರೊಟ್ಟಿ ಪಂಚಮಿ. ಬೆಳಿಗ್ಗೆ ಚಟ್ನಿಗೆಂದು ಗುರೆಳ್ಳು ಹುರಿಯುತ್ತಿದ್ದೆ. ಕಾಳು ಚಟಪಟ ಸಿಡಿದು ಘಮ ಏಳುತ್ತಿದ್ದಂತೆ, ಎದುರುಮನೆಯ ದೊಡ್ಡವ್ವ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಂತ ಹಾಗಾಯಿತು. ಆಕೆ ಹೋಗಿ ಎಷ್ಟೋ ವರ್ಷಗಳಾದವು…

ನಾನು ಚಿಕ್ಕೇರೂರಿನಿಂದ ಅಕ್ಕಿಆಲೂರಿಗೆ ಸೊಸೆಯಾಗಿ ಬಂದ ಮೊದಲ ವರ್ಷವದು. ನಾಗಪಂಚಮಿಯ ಹಿಂದಿನ ದಿನ ನಮ್ಮ ಕಡೆ ಮನೆಮನೆಗೂ ರೊಟ್ಟಿ ಬೀರುತ್ತಾರೆ. ದೊಡ್ಡವ್ವನದು ಒಂಟಿ ಜೀವ; ಆದರೂ ಓಣಿಗೆಲ್ಲ ಸಾಲುವಷ್ಟು ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮನೆಗೂ ಹಿತ್ತಾಳೆ ತಾಟು ಬಂತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಯ ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಅಂಚಿಗೆ ಗುರೆಳ್ಳು ಚಟ್ನಿ. ಉಂಡಾದ ಮೇಲೆ ತಾಟನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ ಕೊಟ್ಟುಬಂದೆ. ಮೆಚ್ಚುತ್ತಾಳೆ ಅಂದುಕೊಂಡಿದ್ದೆ.

ಐದೇ ನಿಮಿಷಕ್ಕೆ ತಾಟು ಹಿಡಿದು ನಮ್ಮ ಬಾಗಿಲಿಗೆ ಬಂದಳು.

“ಯಾಕವಾ, ನನ್ನ ರೊಟ್ಟಿ ಅಷ್ಟ ಕೆಟ್ಟಿದ್ವೇನ? ಬರಿದ ತಾಟ ಕೊಟ್ಟು ಸಂಬಂಧಾನ ತೊಳಕೊಂಡಿಯಲ್ಲ!”

ನನ್ನ ಕಣ್ಣು ತುಂಬಿತು. ಆಕೆ ನಕ್ಕು ಗಲ್ಲ ಹಿಂಡಿದಳು.

“ಅಳಬ್ಯಾಡ ಹುಚ್ಚಿ. ಒಂದ ಚಿಟಿಕಿ ಸಕ್ರಿ ಹಾಕು, ಸಾಕು. ತಾಟ ತಿರಗತಿದ್ರ ನಾ ಒಬ್ಬಾಕಿ ಅನಸೂದಿಲ್ಲ ನೋಡ.”

ಅಂದಿನಿಂದ ಆ ತಾಟು ಯಾರ ಮನೆಯಲ್ಲೂ ಬಹಳ ದಿನ ನಿಲ್ಲಲಿಲ್ಲ. ನಮ್ಮಿಂದ ಕಡಬು ಹೋದರೆ ಅಲ್ಲಿಂದ ಶೇಂಗಾ ಹೋಳಿಗೆ ಬರುತ್ತಿತ್ತು. ಏನೂ ಇಲ್ಲದ ದಿನ ನಾಲ್ಕು ಸವಣೂರಿನ ವೀಳ್ಯದೆಲೆ.

ಕೊನೆಯ ಸಲ ತಾಟು ನನ್ನ ಬಳಿ ಇತ್ತು. ಬರೀ ಸಕ್ಕರೆ ಹಾಕಿ ಹೇಗೆ ಕೊಡಲಿ, ಶನಿವಾರ ಹೋಳಿಗೆ ಮಾಡಿ ಕೊಟ್ಟರಾಯಿತು ಎಂದು ತಡೆದೆ. ಆಕೆಗೆ ಜ್ವರ ಬಂದಿತ್ತು. ಶುಕ್ರವಾರವೇ ತಮ್ಮನ ಮಗ ಬಂದು ಹಿರೇಕೆರೂರಿಗೆ ಕರೆದೊಯ್ದ. ಬಸ್ಸು ಹತ್ತುವಾಗ ತಿರುಗಿ, “ತಾಟ ನಿನ್ನ ಕಡೇನ ಐತಿ, ಮರೀಬ್ಯಾಡ” ಎಂದಳು. ಮತ್ತೆ ಬರಲಿಲ್ಲ… ಚಿಟಿಕೆ ಸಕ್ಕರೆ ಸಾಕು ಅಂದಿದ್ದಳಲ್ಲ.

ಈಗ ನಮ್ಮ ಮನೆಯಲ್ಲೂ ನಾನೊಬ್ಬಳೇ. ಇಷ್ಟು ವರ್ಷ ಅಟ್ಟದ ಮೇಲೆ ಧೂಳು ಹೊದ್ದುಕೊಂಡು ಕುಳಿತಿದ್ದ ಆ ತಾಟನ್ನು ನಿನ್ನೆ ಇಳಿಸಿದೆ. ಎಲ್ಲ ಬಗೆ ಮಾಡಿ ತುಂಬಿಸಿ, ಎದುರುಮನೆಗೆ ಒಯ್ದೆ. ಅಲ್ಲೀಗ ಬಾಡಿಗೆಗೆ ಬಂದ ಹೊಸ ಜೋಡಿ. ಹುಡುಗಿ ಎರಡೂ ಕೈಯಲ್ಲಿ ಇಸಿದುಕೊಂಡಳು. ಸಂಜೆ ತಾನೇ ತಂದುಕೊಟ್ಟಳು.

“ಭಾಳ ಚಲೋ ಆಗಿದ್ವ್ರಿ ಆಂಟಿ. ತಾಟ ಮಸ್ತ್ ತಿಕ್ಕೇನಿ ನೋಡ್ರಿ.”

ತಾಟು ಫಳಫಳ ಹೊಳೆಯುತ್ತಿತ್ತು. ಬರಿದಾಗಿತ್ತು.

ದೊಡ್ಡವ್ವನ ಮಾತು ನಾಲಿಗೆಯ ತುದಿಗೆ ಬಂತು. ಬಯ್ದು, ಮರುಗಳಿಗೆ ಗಲ್ಲ ಹಿಂಡುವ ಸಲಿಗೆ ಆಕೆಗಿತ್ತು, ನನಗೆಲ್ಲಿ… “ಇರ್ಲಿ ಬಿಡವಾ” ಎಂದೆ. ಒಳಗೆ ಬಂದು, ಹಾಗೇ ಇಡಲು ಕೈ ಬಾರದೆ, ನಾನೇ ಒಂದು ಚಿಟಿಕೆ ಸಕ್ಕರೆ ಹಾಕಿಟ್ಟೆ.

ಇವತ್ತು ಬೆಳಿಗ್ಗೆ ನೋಡಿದರೆ ಇರುವೆ ಮುತ್ತಿದ್ದವು. ಓಡಿಸಲಿಲ್ಲ.