ಜಾರಿತೋ, ಬಿಟ್ಟೆನೋ

ಆ ಬೆಳಿಗ್ಗೆ ಕೆರೆಯ ಮೇಲೆ ಮಂಜು ಕವಿದಿತ್ತು ಎಂದು ಬರೆದು ಹೊಡೆದುಹಾಕಿದೆ. ಮಂಜು ಇರಲಿಲ್ಲ. ಇದ್ದಿದ್ದರೆ ಬರೆಯಲು ಅನುಕೂಲವಾಗುತ್ತಿತ್ತು, ಅಷ್ಟೆ. ಶಿವರಾತ್ರಿ ಕಳೆದ ಮೇಲೆ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು ಎನ್ನುತ್ತಾಳೆ ನನ್ನ ಹೆಂಡತಿ. ಆದರೆ ಅವಳು ಕೆರೆಗೆ ಬಂದಿರಲಿಲ್ಲ. ಹರಿಗೋಲಿನಲ್ಲಿ ಕೂತಿದ್ದವರು ಇಬ್ಬರೇ: ನಾನು, ಮತ್ತು ಅವಳ ತಂದೆ. ಅವರು ಬದುಕಿದ್ದಷ್ಟು ದಿನ ಮದುವೆಮನೆಗಳಲ್ಲಿ ಎಲೆಯಡಿಕೆಯ ಹೊತ್ತಿಗೆ ಈ ಕಥೆ ತೆಗೆಯುತ್ತಿದ್ದರು. ಹೇಳಿದಾಗಲೆಲ್ಲ ಮೀನು ಗೇಣು ಉದ್ದ ಬೆಳೆಯುತ್ತಿತ್ತು. ನನಗೆ ನಿಜವಾಗಿ ನೆನಪಿರುವುದು ಯಾವುದು, ಅವರಿಂದ ಕೇಳಿ ನನ್ನದಾಗಿಸಿಕೊಂಡದ್ದು ಯಾವುದು ಎಂದು ಈಗ ಬೇರ್ಪಡಿಸಲಾರೆ. ಬೇರ್ಪಡಿಸಿದ ಹಾಗೆ ನಟಿಸುವುದೂ ಬೇಡ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಟ್ಯೂಟರ್ ಆಗಿದ್ದೆ. ಹವ್ಯಾಸಿ ನಾಟಕದ ತಾಲೀಮಿನಲ್ಲಿ ಅವಳ ಪರಿಚಯವಾಯಿತು. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಮ್ಮದು ಮಠಕ್ಕೆ ನಡೆದುಕೊಂಡು ಬಂದ ವೀರಶೈವರ ಮನೆತನ. ಕೊರಳಲ್ಲಿ ಲಿಂಗದ ಕರಡಿಗೆ, ಅಡಿಗೆಮನೆಯಲ್ಲಿ ಸೊಪ್ಪು ಬೇಳೆ. ಅವರದು ಊರ ಹೊರಗಿನ ಹಳ್ಳಿಯಿಂದ ಬಂದ ಒಕ್ಕಲು ಮನೆತನ. ಅವಳ ತಂದೆ ಕಚೇರಿಯಲ್ಲಿ ಶಿರಸ್ತೇದಾರರಾಗಿ, ಹೊಲ ಗುತ್ತಿಗೆಗೆ ಕೊಟ್ಟು ಪಟ್ಟಣದವರಾಗಿದ್ದರು. ತಾಯಿ ತೀರಿಕೊಂಡಿದ್ದರಿಂದ ಅಡಿಗೆಮನೆ ಅವಳ ಕೈಯಲ್ಲಿತ್ತು.

ನಮ್ಮ ಮನೆಯಲ್ಲಿ ಈ ಮದುವೆ ಬೇಡವೆಂದು ಹೇಳಿಯಾಗಿತ್ತು. ನಾನು ಹಟ ಹಿಡಿದು ಬೇರೆ ರೂಮು ಮಾಡಿಕೊಂಡಿದ್ದೆ. ಉಳಿದದ್ದು ಅವಳ ತಂದೆಯ ಒಪ್ಪಿಗೆ. ಅವರು ಬೇಡವೆಂದರೆ ತಾನೂ ಮುಂದುವರಿಯುವುದಿಲ್ಲ ಎಂದು ಅವಳು ಸ್ಪಷ್ಟವಾಗಿಯೇ ಹೇಳಿದ್ದಳು. ಅವರೋ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಭಾನುವಾರ ಕೆರೆಗೆ ಬರೋಕೇಳು. ಗಾಳ ಹಾಕೋದು ಕಲಿಸ್ತೀನಿ" ಎಂದು ಹೇಳಿ ಕಳಿಸಿದರು.

"ಅಪ್ಪ ಇದುವರೆಗೂ ಯಾರನ್ನೂ ಹರಿಗೋಲಿಗೆ ಹತ್ತಿಸ್ಕೊಂಡಿಲ್ಲ" ಎಂದಳು ಅವಳು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಕೇಳಿದೆ. "ಹೋಗಿ ನೋಡಿ" ಎಂದಳು.

ದಟ್ಟಗಳ್ಳಿ ಆಗ ಹಳ್ಳಿಯೇ. ಆ ಕಡೆಯ ಒಂದು ಕೆರೆಗೆ ಸೈಕಲ್ಲಿನಲ್ಲಿ ಹೋದೆವು. ಅವರು ಮುಂದೆ, ಸೈಕಲ್ಲಿನ ಬಾರಿಗೆ ಎರಡು ಬಿದಿರು ಕೋಲು ಕಟ್ಟಿಕೊಂಡು, ಖಾಕಿ ಚಡ್ಡಿ, ತಲೆಗೆ ಟವೆಲು. ವಾರವೆಲ್ಲ ಕೋಟು ಹಾಕಿಕೊಂಡು ಜನರನ್ನು ನಿಲ್ಲಿಸಿ ಮಾತನಾಡಿಸುವವರು ಇವರೇ ಎಂದು ನಂಬುವುದು ಕಷ್ಟವಾಗಿತ್ತು. ಹರಿಗೋಲು ದಡದಲ್ಲಿ ದೊಡ್ಡ ಬುಟ್ಟಿಯ ಹಾಗೆ ಬೋರಲು ಬಿದ್ದಿತ್ತು. ಹಳ್ಳಿಯ ಯಾರದೋ, ಇವರಿಗೆ ಭಾನುವಾರಕ್ಕೆ ಬಿಟ್ಟುಕೊಡುತ್ತಿದ್ದರು. ಇಬ್ಬರೂ ಸೇರಿ ಮಗುಚಿ ನೀರಿಗೆ ತಳ್ಳಿದೆವು.

"ನಡುವಿಗೆ ಕಾಲಿಡಿ ಮೇಷ್ಟ್ರೇ, ನಡುವಿಗೆ! ಅಂಚಿಗಿಟ್ರೆ ಇಬ್ರೂ ಮೀನಿಗೇ ಊಟ."

ನಡುವಿಗೇ ಇಟ್ಟೆ. ಆದರೂ ಅದು ನನ್ನ ಕೆಳಗಿನಿಂದ ಜಾರಿಕೊಂಡ ಹಾಗಾಯಿತು. ಕುಕ್ಕರಗಾಲಲ್ಲಿ ಕುಸಿದು ಕೂತೆ.

"ಈಜು ಬರುತ್ತಾ?"

"ಇಲ್ಲ ಸಾರ್."

"ನಂಗೂ ಬರಲ್ಲ ಬುಡಿ. ಇಬ್ರೂ ಕುಂತ ಕಡೆ ಕುಂತಿರಾನ."

ಹುಟ್ಟನ್ನು ನನ್ನ ಕೈಗೆ ಕೊಟ್ಟರು. ದೋಣಿಯಲ್ಲಿ ಹಾಕುವ ಹಾಗೆ ಪಕ್ಕದಲ್ಲಿ ಹಾಕಿದೆ. ಹರಿಗೋಲು ಬುಗುರಿಯಾಯಿತು. ದಡ, ಬೆಟ್ಟ, ಶಿರಸ್ತೇದಾರರು, ಮತ್ತೆ ದಡ. ಚಾಮುಂಡಿ ಬೆಟ್ಟ ಎಷ್ಟು ಸಲ ನನ್ನ ಎದುರಿಗೆ ಬಂದು ಹೋಯಿತೋ. ಅವರು ಬೈಯಲಿಲ್ಲ. "ಪ್ರದಕ್ಷಿಣೆ ಆಯ್ತಲ್ಲ, ಇನ್ನು ಮುಂದಕ್ಕೆ ಓಗಾನ" ಎಂದು, ಹುಟ್ಟನ್ನು ಎದುರಿಗೆ ನೀರಿಗಿಳಿಸಿ ತಮ್ಮ ಕಡೆಗೆ ಎಳೆದುಕೊಳ್ಳುವುದನ್ನು ತೋರಿಸಿದರು. ಅವರಿಗೂ ಅದು ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಅಂದುಕೊಂಡ ಜಾಗಕ್ಕೆ ಹೋಗದೆ, ಹರಿಗೋಲು ಹೋದ ಜಾಗವನ್ನೇ "ಇದೇ ಸರಿಯಾದ ಜಾಗ" ಎಂದು ನಿರ್ಧರಿಸಿ, ಹಗ್ಗಕ್ಕೆ ಕಟ್ಟಿದ ಕಲ್ಲನ್ನು ನೀರಿಗೆ ಬಿಟ್ಟು ನಿಲ್ಲಿಸಿದರು.

ಪಾಠ ಶುರುವಾಯಿತು. ಮೊದಲನೆಯದು, ಮಾತನಾಡಬಾರದು. ಮೀನಿಗೆ ಗೊತ್ತಾಗುತ್ತದೆ. ಇದನ್ನು ಹೇಳಿದವರು ಆಮೇಲೆ ನಿಲ್ಲಿಸಲೇ ಇಲ್ಲ. ಕೋಲು, ದಾರ, ದಾರದ ನಡುವೆ ತೇಲುವ ನವಿಲುಗರಿಯ ದಂಟು, ಕೆಳಗೆ ಸೀಸದ ಚೂರು, ತುದಿಗೆ ಗಾಳ. ದಂಟು ಕುಣಿದರೆ ಎಳೆಯಬಾರದು, ಅದು ಮರಿಗಳು ಕಚ್ಚಿ ನೋಡುವುದು. ದಂಟು ಓರೆಯಾಗಿ ಮುಳುಗಿದರೆ ಮಾತ್ರ ಎಳೆಯಬೇಕು, ಅದೂ ತೋಳಿನಿಂದಲ್ಲ, ಮಣಿಕಟ್ಟಿನಿಂದ.

ಎರೆಹುಳ ಒಂದು ತೆಂಗಿನ ಕರಟದಲ್ಲಿ, ಒದ್ದೆ ಮಣ್ಣಿನೊಳಗೆ ಇತ್ತು. "ತಗೊಳಿ" ಎಂದರು. ತೆಗೆದುಕೊಂಡೆ. ನನ್ನ ಜೀವಮಾನದಲ್ಲಿ ಬೇಕೆಂದು ಒಂದು ಹುಳವನ್ನು ಮುಟ್ಟಿದ್ದು ಅದೇ ಮೊದಲು. ಗಾಳಕ್ಕೆ ಪೋಣಿಸುವಾಗ ಅದು ಬೆರಳಿಗೆ ಸುತ್ತಿಕೊಂಡಿತು. ಬಗ್ಗಿದ್ದರಿಂದ ಅಂಗಿಯೊಳಗಿನ ಕರಡಿಗೆ ಹೊರಗೆ ಬಂದು ಕರಟದ ಮೇಲೆ ತೂಗಾಡತೊಡಗಿತು. ಮನೆಯಲ್ಲಿ ಬಿಟ್ಟು ಬರಲೇ ಎಂದು ಬೆಳಿಗ್ಗೆ ಯೋಚಿಸಿ, ಬಿಟ್ಟು ಬಂದರೆ ಬೇರೆಯೇ ಒಂದು ಸುಳ್ಳಾಗುತ್ತದೆ ಎಂದು ಹಾಕಿಕೊಂಡೇ ಬಂದಿದ್ದೆ.

"ಒಳಗಾಕ್ಕೊಳಿ. ನೀರಿಗೆ ಬಿದ್ರೆ ಇಬ್ರೂ ಉಡುಕೋಕಾಗಲ್ಲ" ಎಂದರು ಅವರು, ಬೇರೆ ಕಡೆ ನೋಡುತ್ತ.

ಮಣ್ಣು ಮೆತ್ತಿದ ಬೆರಳಿನಿಂದ ಕರಡಿಗೆಯ ದಾರವನ್ನಷ್ಟೇ ಹಿಡಿದು ಒಳಗೆ ಹಾಕಿಕೊಂಡೆ.

ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಇದನ್ನು ಯಾರೂ ಕಥೆಯಲ್ಲಿ ಸೇರಿಸುವುದಿಲ್ಲ. ನೀರಿನ ಮೇಲೆ ಬೆಳಕು ಬಿದ್ದಿತ್ತು, ದಡದಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು, ಶಿರಸ್ತೇದಾರರು ಕಚೇರಿಯ ಬಗ್ಗೆ, ಹಲ್ಲುನೋವಿನ ಬಗ್ಗೆ, ನಮ್ಮ ನಾಟಕದಲ್ಲಿ ಯಾರೂ ಜೋರಾಗಿ ಮಾತಾಡುವುದೇ ಇಲ್ಲವಲ್ಲ ಅದರ ಬಗ್ಗೆ ಹೇಳುತ್ತಿದ್ದರು. ನಾನು ದಂಟು ನೋಡುತ್ತಿದ್ದೆ. ಕುಣಿದಾಗಲೆಲ್ಲ ಎಳೆದೆ. ಹುಳ ಹೋಗಿರುತ್ತಿತ್ತು, ಗಾಳ ಬರಿದಾಗಿರುತ್ತಿತ್ತು. "ಎಳೀಬ್ಯಾಡಿ ಅಂದ್ನಲ್ಲ. ಪರೀಕ್ಷೇಲಿ ಹುಡುಗ್ರು ಒಸಿ ತಿರುಗಿದ್ರೆ ಪೇಪರ್ ಕಿತ್ಕೋತೀರಲ್ಲ, ಅಂಗೇ ಆಯ್ತು ನಿಮ್ದು."

ಕೊನೆಗೊಮ್ಮೆ ದಂಟು ಓರೆಯಾಗಿ ಮುಳುಗಿತು. ನಾನು ಎಳೆದೆನೋ ಅವರು "ಉಂ" ಎಂದಿದ್ದಕ್ಕೆ ಕೈ ತಾನಾಗಿ ತಿರುಗಿತೋ, ಕೋಲಿನ ತುದಿ ಬಾಗಿ ಕೆಳಗೆ ಏನೋ ಒಂದು ಜೀವ ನನ್ನ ಮಣಿಕಟ್ಟನ್ನು ಹಿಡಿದು ಎಳೆಯಿತು. ಎತ್ತಿದೆ. ಗೆಂಡೆ ಮೀನು, ಅಂಗೈಗಿಂತ ಸ್ವಲ್ಪ ದೊಡ್ಡದು. ಹರಿಗೋಲಿನೊಳಗೆ ಬಿದ್ದು ಪಟಪಟ ಬಡಿದುಕೊಂಡಿತು.

"ಇಡ್ಕೊಳಿ, ಕಿವಿ ಇಂದೆ ಇಡ್ಕೊಳಿ. ಗಾಳ ನಾನು ಬುಡಿಸ್ತೀನಿ."

ಎರಡೂ ಕೈಯಲ್ಲಿ ಹಿಡಿದೆ. ತಣ್ಣಗಿತ್ತು. ಅವರು ಅದರ ಬಾಯಿಂದ ಗಾಳ ಬಿಡಿಸಿದರು, ಮೀನು ಹಾಕಲು ತಂದಿದ್ದ ಬುಟ್ಟಿಯ ಮುಚ್ಚಳ ತೆಗೆಯಲು ಆ ಕಡೆ ತಿರುಗಿದರು. ನನ್ನ ಕೈಗಳು ಹರಿಗೋಲಿನ ಅಂಚಿನ ಮೇಲಿದ್ದವು. ಮೀನಿನ ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಕೈಯಲ್ಲಿ ಮೀನು ಇರಲಿಲ್ಲ. ಪುಳಕ್ ಎಂಬ ಸದ್ದು ಕೇಳಿದ್ದು ಮಾತ್ರ ನನಗೆ ಖಾತ್ರಿ.

ಅವರು ತಿರುಗಿದರು. ನೀರನ್ನು ನೋಡಿದರು, ನನ್ನ ಕೈ ನೋಡಿದರು.

"ಬುಟ್ರೋ, ಜಾರ್ತೋ?"

ಪ್ರಶ್ನೆ ಎಷ್ಟು ಭಾರದ್ದೆಂದು ನನಗೆ ಗೊತ್ತಾಯಿತು. ಬಿಟ್ಟೆ ಎಂದರೆ, ಒಂದು ಮೀನನ್ನು ಬುಟ್ಟಿಗೆ ಹಾಕಲಾರದವನ ಮನೆಗೆ ತಮ್ಮ ಮಗಳು ಹೋಗಬೇಕು. ಜಾರಿತು ಎಂದರೆ, ಹೊಸಬ, ಕಲಿಯುತ್ತಾನೆ. ಜಾರಿತು ಎನ್ನುವುದು ಸುಲಭವಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಗೊತ್ತಿಲ್ಲ ಸಾರ್" ಎಂದೆ.

ಇದನ್ನು ಧೈರ್ಯವೆಂದೋ ಪ್ರಾಮಾಣಿಕತೆಯೆಂದೋ ಯಾರೂ ತಿಳಿಯಬಾರದು. ಅಂಗೈಯಲ್ಲಿ ಇನ್ನೂ ಲೋಳೆ ಇತ್ತು, ನಾನು ಅದನ್ನೇ ನೋಡುತ್ತಿದ್ದೆ. ನಿಜವಾಗಿಯೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಮದುವೆಮನೆಯ ಕಥೆಯಲ್ಲಿ ನಾನು ಮೀನಿಗೆ ಕೈಮುಗಿದು, ಮಂತ್ರ ಹೇಳಿ, ನೀರಿಗೆ ಬಿಡುತ್ತೇನೆ. ಕೇಳಿದವರು ಬಿದ್ದುಬಿದ್ದು ನಗುತ್ತಾರೆ. ನನ್ನ ಹೆಂಡತಿಯ ಪ್ರಕಾರ ಮೀನು ಸಿಕ್ಕಿಯೇ ಇರಲಿಲ್ಲ, ಅಪ್ಪ ಅಳಿಯನ ಮಾನ ಉಳಿಸಲು ಒಂದು ಮೀನು ಹುಟ್ಟಿಸಿದರು. ನನ್ನ ಅಂಗೈಯ ಹೊರತು ನನ್ನ ಪರವಾಗಿ ಸಾಕ್ಷಿ ಇಲ್ಲ.

ಶಿರಸ್ತೇದಾರರು ಬುಟ್ಟಿಯ ಮುಚ್ಚಳ ಮತ್ತೆ ಹಾಕಿ ಅದರ ಮೇಲೆ ಮೊಣಕೈ ಊರಿದರು.

"ನೋಡಿ ಮೇಷ್ಟ್ರೇ. ಜಾತಿ ಮಾತು ನಾನಾಡಲ್ಲ. ಆಡೋರು ಬೇಕಾದಷ್ಟು ಜನ ಅವ್ರೆ. ನನ್ ಮಗಳಿಗೆ ವಾರಕ್ಕೊಂದ್ಸಲ ಮೀನಿಲ್ದಿದ್ರೆ ಅನ್ನ ಇಳಿಯಲ್ಲ. ಚಿಕ್ಕೋಳಿದ್ದಾಗ್ಲಿಂದ ಅಂಗೇ. ಈಗ ಏನಂತಾಳೆ, ಮದ್ವೆ ಆದ್ಮೇಲೆ ಬುಟ್ಬುಡ್ತೀನಪ್ಪ ಅಂತಾಳೆ. ನಗ್ತಾ ಅಂತಾಳೆ. ಅದು ನಂಗೆ ಸರಿ ಕಾಣ್ತಿಲ್ಲ."

ನನಗೂ ಅವಳು ಹಾಗೇ ಹೇಳಿದ್ದಳು. ನಾನು ಸಂತೋಷಪಟ್ಟಿದ್ದೆ. ನನಗಾಗಿ ಇಷ್ಟು ಮಾಡುತ್ತಾಳೆ ಎಂದುಕೊಂಡು, ಆ ಮಾತನ್ನು ಮತ್ತೆ ಎತ್ತಿರಲಿಲ್ಲ.

"ಬುಡ್ತಾಳೆ. ಬುಟ್ಟು ಒಂದು ವರ್ಷ, ಎರಡು ವರ್ಷ. ಆಮೇಲೆ ಹಬ್ಬಕ್ಕೆ ನಮ್ಮನೆಗೆ ಬರ್ತಾಳೆ, ನಿಮಗೆ ಕಾಣ್ದಂಗೆ ಇತ್ಲಲ್ಲಿ ಕುಂತು ತಿಂತಾಳೆ. ತವರಿಗೆ ಬಂದು ಕದ್ದು ತಿನ್ನೋ ಎಣ್ಣುಮಗಳು ನಂಗೆ ಬ್ಯಾಡ ಕಣ್ರೀ. ನೀವು ತಿನ್ನಿ ಅಂತ ನಾನೇಳಲ್ಲ. ನಿಮ್ಮ ಒಲೇಲಿ ಬೇಯುತ್ತಾ, ಅಷ್ಟೇಳಿ."

"ನಾನು ಅಡ್ಡಿ ಬರಲ್ಲ ಸಾರ್."

"ಅಡ್ಡಿ ಬರಲ್ಲ ಅನ್ನೋದು ಎಲ್ರೂ ಅಂತಾರೆ. ವಾಸನೆ ಬಂದಾಗ ಮೂಗು ಮುಚ್ಕೊಂಡು ಆಚೆಗೋಗ್ತೀರಾ?"

ಯೋಚಿಸಿದೆ. ಆ ದಿನದ ಸ್ಥಿತಿಯಲ್ಲಿ ಇಲ್ಲ ಎನ್ನಬೇಕಾಗಿತ್ತು.

"ಮೊದಮೊದಲು ಹೋಗಬೋದು ಸಾರ್."

"ಎಷ್ಟು ದಿವಸ?"

"ಹೇಳೋಕಾಗಲ್ಲ."

"ನಿಮ್ಮ ಕಡೆ ನೆಂಟ್ರು ಬಂದಿದ್ದ ದಿವಸ?"

"ಅವರು ಬರೋದೇ ಅನುಮಾನ ಸಾರ್."

ದಡದಲ್ಲಿ ಎಮ್ಮೆ ನೀರಿನಿಂದ ಎದ್ದು ಹೊರಟಿತು. ಅವರು ಕರಟವನ್ನು ನನ್ನ ಕಡೆ ತಳ್ಳಿದರು.

"ಇನ್ನೊಂದು ಹುಳ ಆಕಿ. ಬಿಸಿಲೇರ್ತಾ ಇದೆ."

ಆಮೇಲೆ ನನಗೆ ಮೀನು ಸಿಗಲಿಲ್ಲ. ಅವರಿಗೆ ಎರಡು ಸಿಕ್ಕವು. ವಾಪಸು ಬರುವಾಗ ಹುಟ್ಟು ಹಾಕಿದ್ದು ನಾನೇ. ಅಲ್ಲೊಂದು ಇಲ್ಲೊಂದು ಸುತ್ತು ಹೊಡೆದರೂ ಕೊನೆಗೆ ದಡಕ್ಕೆ ಬಂದೆವು. ಒಪ್ಪಿಗೆಯ ಮಾತು ದಾರಿಯಲ್ಲೂ ಬರಲಿಲ್ಲ. ಸೈಕಲ್ಲಿನ ಹ್ಯಾಂಡಲಿಗೆ ಬುಟ್ಟಿ ತೂಗುಹಾಕಿಕೊಂಡು ಅವರು ಮುಂದೆ ಹೋದರು. ಹಿಂದೆ ತುಳಿಯುತ್ತ ನಾನು ಅವಳಿಗೆ ಏನು ಹೇಳಲಿ ಎಂದು ವಾಕ್ಯ ಕಟ್ಟಿಕೊಳ್ಳುತ್ತಿದ್ದೆ. ಎರಡು ವಾಕ್ಯ ಸಿದ್ಧವಾಗಿದ್ದವು, ಒಂದಕ್ಕೊಂದು ತದ್ವಿರುದ್ಧವಾಗಿ.

ಅವಳು ಮಸಾಲೆ ಅರೆದು ಕಾದಿದ್ದಳು. ಬುಟ್ಟಿ ತೆಗೆದು ನೋಡಿ, "ಎರಡೇನಾ? ಇಷ್ಟು ಹೊತ್ತು ಏನ್ ಮಾಡ್ತಿದ್ರಿ ಇಬ್ರೂ?" ಎಂದಳು.

"ನಿಮ್ ಮೇಷ್ಟ್ರು ಕೆರೆ ತೋರಿಸಿದ್ರು ಕಣಮ್ಮ, ಸುತ್ತಾಕಿಸಿ" ಎಂದರು ತಂದೆ.

ಅವಳು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ, ಅವಳಿಗೂ ಗೊತ್ತಾಗಲಿಲ್ಲವಂತೆ. ಕೈಯಲ್ಲಿದ್ದ ಮೀನು ತೊಳೆಯಲು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋಗಿ ಹೇಳಿದೆ: "ಬಿಟ್ಟುಬಿಡ್ತೀನಿ ಅಂದಿದ್ರಲ್ಲ, ಅದು ಬೇಡ. ಬಿಡಬೇಡಿ."

ಅವಳು ಕಲ್ಲಿನ ಮೇಲೆ ಮೀನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಹಾಗಿದ್ರೆ ಆ ಚೊಂಬಲ್ಲಿ ನೀರು ಹುಯ್ಯಿರಿ" ಎಂದಳು. ಹುಯ್ದೆ. ನಗುತ್ತ ಬಿಟ್ಟುಬಿಡ್ತೀನಿ ಎಂದದ್ದು ಅಪ್ಪನ ಕಲ್ಪನೆ, ತಾನು ಹಾಗೆ ನಗಲಿಲ್ಲ ಎಂದು ಅವಳು ಬಹಳ ವರ್ಷಗಳ ಮೇಲೆ ಹೇಳಿದಳು. ಅವಳ ಮಾತನ್ನು ಇಲ್ಲಿ ದಾಖಲಿಸಿದ್ದೇನೆ.

ನಡುಮನೆಯಲ್ಲಿ ನಮಗಿಬ್ಬರಿಗೂ ಎದುರುಬದುರು ತಟ್ಟೆ ಹಾಕಿದಳು. ಅವರಿಗೆ ಮುದ್ದೆ, ಮೀನಿನ ಸಾರು. ನನಗೆ ಮುದ್ದೆ, ಬಸ್ಸಾರು. ಎರಡೂ ಒಂದೇ ಒಲೆಯ ಮೇಲೆ ಆದದ್ದೋ ಏನೋ, ನಾನು ಕೇಳಲಿಲ್ಲ. ವಾಸನೆ ನಡುಮನೆಯನ್ನೆಲ್ಲ ತುಂಬಿತ್ತು. ನನಗೆ ಹಿಡಿಸಲಿಲ್ಲ, ಹಾಗೆಂದು ಎದ್ದು ಹೋಗುವಷ್ಟೂ ಅಲ್ಲ. ಅವರು ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತ, ತಲೆ ಎತ್ತದೆ ನಿಧಾನವಾಗಿ ಉಣ್ಣುತ್ತಿದ್ದರು. ನಾನು ಎರಡನೆಯ ತುತ್ತೋ ಮೂರನೆಯ ತುತ್ತೋ ನುಂಗಿದೆ.

"ಬಾಡಿಗೆ ಮನೆ ನೋಡುವಾಗ ಇತ್ಲು ಇರೋದು ನೋಡಿ" ಎಂದರು ಅವರು, ತಟ್ಟೆಗೇ ಹೇಳುವ ಹಾಗೆ. "ನಲ್ಲಿ ಹೊರಗಿರ್ಲಿ. ಮೀನು ಉಜ್ಜೋಕೆ ಒಂದು ಕಲ್ಲು ಬೇಕು. ಒಳಗುಜ್ಜಿದ್ರೆ ಓನರ್ರು ಕಿತ್ತಾಡ್ತಾರೆ."

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು ಎಂದು ಬರೆಯಬಹುದು. ನಿಂತಿತೋ ಇಲ್ಲವೋ. ಅವಳು ಮುದ್ದೆಯ ಪಾತ್ರೆ ಹಿಡಿದು ಬಾಗಿಲಿಗೆ ಬಂದು, "ಇನ್ನೊಂಚೂರು ಬಡಿಸ್ಲಾ?" ಎಂದಳು. ಯಾರನ್ನು ಕೇಳಿದಳೆಂದು ತಿಳಿಯದೆ ನಾವಿಬ್ಬರೂ ತಟ್ಟೆ ಮುಂದೆ ಮಾಡಿದೆವು.