ಹೊಟ್ಟೆನೋವು ಇಳಿಸಿದವರು

ನನ್ನ ಮಗಳ ಹೊಟ್ಟೆನೋವನ್ನು ವಾಸಿಮಾಡಿದ ಮಹಾನುಭಾವರು ನಾಸಿಕ್ ರೋಡ್‌ನಲ್ಲಿ ಮೂವರಿದ್ದರು. ಮೂವರೂ ಸೇರಿ ಅವಳನ್ನು ಸಾವಿನ ಬಾಗಿಲಿಗೆ ಮುಟ್ಟಿಸಿದರು. ನಾಲ್ಕನೆಯವಳು ನಾನು, ನನ್ನ ಸರದಿ ಆಮೇಲೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಗಂಡನಿಗೆ ಪ್ರೆಸ್ಸಿನಲ್ಲಿ ಕೆಲಸ. ಬೀದರಿನಿಂದ ಬಂದ ಅತ್ತೆ ನಮ್ಮೊಂದಿಗಿದ್ದರು. ಹೆಣ್ಣುಮಕ್ಕಳು ಸೈಕಲ್ ಮುಟ್ಟಬಾರದೆಂಬುದು ಅವರ ಕಾನೂನು. ಅದಕ್ಕೆ ಹೂಂಗುಟ್ಟುವುದು ಗಂಡನ ಇನ್ನೊಂದು ನೌಕರಿ. ಒಂದು ಮಧ್ಯಾಹ್ನ ಅಪ್ಪ ಪಾಳಿ ಮುಗಿಸಿ ಮಲಗಿದ್ದಾಗ ಎಂಟು ವರ್ಷದ ಮಗಳು ಅವನ ಸೈಕಲ್ಲನ್ನು ಒಳಪೆಡಲ್ ತುಳಿಯುತ್ತ ಬಿದ್ದಳು. ಹ್ಯಾಂಡಲ್ಲಿನ ತುದಿ ಬಲಪಕ್ಕೆಯ ಕೆಳಗೆ ಒತ್ತಿತ್ತು. ನಾನು ಅರಿಶಿನ ಹಚ್ಚಿ, "ಯಾರ ಮುಂದೂ ಹೇಳಬ್ಯಾಡ, ನನ್ನ ಆಣಿ ಅದ" ಎಂದೆ.

ಮೂರು ವಾರದ ಮೇಲೆ ನೋವು ಶುರುವಾಯಿತು. ಹುಡುಗಿ ಚಾಪೆಯ ಮೇಲೆ ಹೊರಳಾಡುತ್ತಿದ್ದಳು. ಓಣಿಯ ಡಾಕ್ಟರು ಹೊಟ್ಟೆ ಮುಟ್ಟದೆ, ನಾಲಿಗೆ ಮಾತ್ರ ನೋಡಿ, ಜಂತುಹುಳುವಿಗೆ ಔಷಧಿ ಕೊಟ್ಟರು. ಮರುದಿನ ನೋವು ಮಾಯ. ಆಗ ಅವರ ಮುಖ ನೋಡಬೇಕಿತ್ತು! ವಾರದೊಳಗೆ ನೋವು ಮತ್ತೆ ಬಂತು, ಕಣ್ಣು ಹಳದಿಯಾಯಿತು. ಕಾಮಣಿ ರೋಗ ಇಳಿಸುವವನೊಬ್ಬ ಅವಳ ಕೊರಳಿಗೆ ಬೇರಿನ ತುಂಡುಗಳ ಮಾಲೆ ಕಟ್ಟಿದ. ನೋವು ಮತ್ತೆ ಇಳಿಯಿತು.

"ನೋಡಿದೇನು, ಮಾಲಿ ಹಾಕಿದ ಕೂಡ್ಲೆ ಹ್ಯಾಂಗ ಆರಾಮಾತು!" ಎಂದ ಅತ್ತೆ, ತಾವು ದೇವರಿಗೆ ಹೊತ್ತಿದ್ದ ಹರಕೆಯ ಪಾಲನ್ನೂ ಅದಕ್ಕೆ ಸೇರಿಸಿ ಮೂರನೆಯವರಾದರು. ಪ್ರತಿ ಸಲ ನೋವು ಇಳಿದ ಮೇಲೆ ಮಲ ಡಾಂಬರಿನಂತೆ ಕಪ್ಪಗಿರುತ್ತಿತ್ತು. ಡಾಕ್ಟರಿಗೆ ಹೇಳಿದರೆ, ತಾವು ಕೊಟ್ಟ ಟಾನಿಕ್ಕಿನ ಬಣ್ಣವೆಂದು ನಕ್ಕರು.

ಒಂದು ಬೆಳಿಗ್ಗೆ ಅವಳು ರಕ್ತ ಕಾರಿಕೊಂಡಳು. ನಾಸಿಕ್‌ನಲ್ಲಿ ರಕ್ತ ಕೊಟ್ಟು, ಔರಂಗಾಬಾದಿನ ದೊಡ್ಡಾಸ್ಪತ್ರೆಗೆ ಒಯ್ಯಲು ಹೇಳಿದರು. ಮನ್ಮಾಡಿನಲ್ಲಿ ರೈಲು ಬದಲಿಸಿ ಹೋದೆವು.

ಅಲ್ಲಿಯ ಸರ್ಜನ್ ಸಣ್ಣ ಆಳು. ಮಾಲೆಯನ್ನು ಕತ್ತರಿಸಿ ಬಿಸಾಕಿದರು. ನೋವು, ಹಳದಿ ಕಣ್ಣು, ಕಪ್ಪು ಮಲದ ಕಥೆಯನ್ನೆಲ್ಲ ಕೇಳಿಸಿಕೊಂಡು, ಎಲ್ಲಾದರೂ ಬಿದ್ದಿದ್ದೆಯಾ ಎಂದು ಮಗಳನ್ನೇ ಮರಾಠಿಯಲ್ಲಿ ಕೇಳಿದರು. ಇಷ್ಟು ದಿನದಲ್ಲಿ ಅವಳನ್ನು ಕೇಳಿದ ಮೊದಲ ಮನುಷ್ಯ ಅವರು. ಅವಳು ನನ್ನನ್ನೊಮ್ಮೆ ನೋಡಿ ತುಟಿ ಬಿಗಿಹಿಡಿದಳು.

ನಾನೇ ಹೇಳಿದೆ. ಗಂಡ, ಅತ್ತೆ ಇಬ್ಬರೂ ಎದುರಿಗಿದ್ದರು. ಆ ಪೆಟ್ಟಿಗೆ ಲಿವರ್ ಒಳಗೇ ಬಿರಿದು, ರಕ್ತ ಪಿತ್ತದ ನಾಳಕ್ಕೆ ಇಳಿಯುತ್ತಿರಬೇಕು ಎಂದರು ಸರ್ಜನ್. ಹೆಪ್ಪುಗಟ್ಟಿದ ರಕ್ತ ನಾಳದಲ್ಲಿ ಸಿಕ್ಕಿಕೊಂಡಾಗ ನೋವು, ಕಾಮಣಿ. ಜಾರಿ ಕರುಳಿಗೆ ಬಿದ್ದಾಗ ಆರಾಮ. ನಮ್ಮ ಮೂವರು ಧನ್ವಂತರಿಗಳು ಹೆಸರು ಗಳಿಸಿದ್ದು ಈ ಹೆಪ್ಪಿನ ಪುಣ್ಯದಿಂದ. ಮೊದಲೇ ಯಾಕೆ ಹೇಳಲಿಲ್ಲವೆಂದು ಸರ್ಜನ್ ಕೇಳಿದಾಗ, ಊರವರನ್ನೆಲ್ಲ ಹೀಯಾಳಿಸುವ ನಾನು, ಅತ್ತೆಗೆ ಹೆದರಿ ಮಗಳ ಬಾಯಿ ಕಟ್ಟಿದ್ದೆನೆಂದು ಒಪ್ಪಿಕೊಂಡೆ. ನನ್ನ ಮೇಲೆಯೇ ಅಸಹ್ಯವಾಯಿತು. ಹೊಟ್ಟೆ ತೆರೆದು, ಲಿವರಿಗೆ ಹೋಗುವ ರಕ್ತನಾಳವೊಂದನ್ನು ಕಟ್ಟಿ ಅವಳನ್ನು ಉಳಿಸಿದರು.

ಮರುದಿನ ಪೂರ್ತಿ ಎಚ್ಚರವಾದಾಗ ಮಗಳು ನನ್ನ ಸೆರಗು ಹಿಡಿದೆಳೆದಳು.

"ಅವ್ವಾ, ನಾ ಹೇಳಿಲ್ಲ ಹಾಂ. ನೀನೇ ಹೇಳ್ದಿ."