ಮುಟ್ಟಿದರೆ ಚಟ್

ಮದುವೆಯಾದ ಮೊದಲ ಚಳಿಗಾಲದಲ್ಲಿ ನಾನು ಯಾರನ್ನು ಮುಟ್ಟಿದರೂ ಚಟ್ ಎನ್ನುತ್ತಿತ್ತು. ಶಹಾಬಾದಿನ ಅತ್ತೆಮನೆಯಲ್ಲಿ ಮೊದಮೊದಲು ಎಲ್ಲರೂ ನಕ್ಕರು. ನಾನು ಚಹಾ ಕೊಡಲು ಹೋದರೆ ಸಾಕು, ಗಂಡ ಬೇಕೆಂದೇ ಬೆಚ್ಚಿಬೀಳುತ್ತಿದ್ದ. ಆದರೆ ಹೆರಿಗೆಗೆ ಬಂದಿದ್ದ ನಾದಿನಿಯ ಕೂಸನ್ನು ಎತ್ತಿಕೊಳ್ಳಲು ಹೋದಾಗ ಅದರ ಕೆನ್ನೆಗೆ ಕಿಡಿ ತಾಗಿ, ಅದು ಓಣಿಗೆಲ್ಲ ಕೇಳುವಂತೆ ಚೀರಿತು. ನಗು ಅಲ್ಲಿಗೆ ನಿಂತಿತು.

"ನಿನ್ನ ಮೈಯಾಗ ಕರೆಂಟ್ ಭಾಳ ಅದವ್ವಾ. ಕೂಸಿನ ಮುಟ್ಟಬ್ಯಾಡ," ಎಂದರು ಅತ್ತೆ.

ಅವರು ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು, ಆದರೆ ಅವರು ಹೆದರಿದ್ದರು. ನನಗೆ ಅದೇ ಉರಿ. ತೊಟ್ಟಿಲ ಕಾರ್ಯದ ದಿನ ಕೂಸನ್ನು ಒಳಗಿನಿಂದ ಪಡಸಾಲೆಗೆ ಎತ್ತಿ ತರುವವಳು ನಾನೇ ಎಂದು ಮಾತಾಗಿತ್ತು. ಈಗ ಆ ಕೆಲಸ ಪಕ್ಕದ ಮನೆಯಾಕೆಯ ಪಾಲಾಯಿತು. ನನ್ನ ಸಿಟ್ಟೆಲ್ಲ ಜೋಳದ ರೊಟ್ಟಿಯ ಮೇಲೆ ಬಿತ್ತು.

ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರು ಎತ್ತುವ ಆಟ ಶಾಲೆಯಲ್ಲಿ ನಾನೂ ಆಡಿದ್ದೆ. ಅದೇ ಆಟ ಈಗ ನನ್ನ ಕಾಲಡಿಯಲ್ಲೇ ನಡೆಯುತ್ತಿದೆ ಎಂದು ಹೊಳೆದದ್ದು ಬಾಣಂತಿಯ ಕೋಣೆ ಗುಡಿಸುವಾಗ. ಕೋಣೆ ಬೆಚ್ಚಗಿರಲೆಂದು ಮಾವ ವಾಡಿಯ ಬಜಾರಿನಿಂದ ನೈಲಾನ್ ಗಾಲೀಚಾ ತಂದು ಹಾಸಿದ್ದರು. ಮನೆಮಂದಿಯೆಲ್ಲ ಬರಿಗಾಲು. ಹಿಮ್ಮಡಿ ಒಡೆಯುತ್ತದೆಂದು ಒಳಗೂ ಸ್ಪಂಜಿನ ಚಪ್ಪಲಿ ಮೆಟ್ಟುವ ಮಹಾರಾಣಿ ನಾನೊಬ್ಬಳೇ. ಚಪ್ಪಲಿ ಗಾಲೀಚಾಕ್ಕೆ ತಿಕ್ಕಿದಾಗ ಎಲೆಕ್ಟ್ರಾನುಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ನಮ್ಮ ಕಡೆಯ ಒಣ ಹವೆಯಲ್ಲಿ ಆ ವಿದ್ಯುತ್ತು ಬೇಗ ಸೋರದೆ ಮೈಯಲ್ಲೇ ಉಳಿದು, ಮುಟ್ಟಿದವರ ಮೇಲೆ ಹಾರುತ್ತದೆ. ಬರಿಗಾಲಿನವರಿಗಾದರೆ ಅದು ನೆಲದ ಪರಸಿ ಕಲ್ಲಿಗೆ ಇಳಿದುಹೋಗುತ್ತದೆ.

ಹೇಳಿದರೆ ಯಾರು ನಂಬಬೇಕು?

"ಅತ್ತೀ, ನನ್ನ ಚಪ್ಪಲಿ ಹಾಕ್ಕೊಂಡು ಗಾಲೀಚಾದ ಮ್ಯಾಲ ಕಾಲು ಎಳಕೋತ ಅಡ್ಡಾಡ್ರಿ," ಎಂದೆ.

ಒಲ್ಲದ ಮನಸ್ಸಿನಿಂದ ಅಡ್ಡಾಡಿದರು. ಬಾಗಿಲ ಬಳಿ ಪರಸಿಯ ಮೇಲೆ ಬರಿಗಾಲಲ್ಲಿ ಮಾವ ನಿಂತಿದ್ದರು.

"ಈಗ ಮಾವನೋರ ಕಿವಿ ಮುಟ್ರಿ."

ಚಟ್ ಎಂದಿತು. ಮಾವ ಕಿವಿ ಹಿಡಿದುಕೊಂಡು, "ನಿನಗೂ ಬಂತೇನು ಇದು?" ಎಂದರು.

ಅತ್ತೆ ತಮ್ಮ ಬೆರಳನ್ನೇ ನೋಡಿಕೊಂಡರು. ಆಮೇಲೆ, ದೇವರಾಣೆ, ಮತ್ತೊಂದು ಸುತ್ತು ಹೊಡೆದು ಬಂದು ಇನ್ನೊಂದು ಕಿವಿಯನ್ನೂ ಮುಟ್ಟಿದರು. ನಾನು ಬರಿಗಾಲಲ್ಲಿ ಪರಸಿಯ ಮೇಲೆ ನಿಂತು, ಇದ್ದಬದ್ದ ಕರೆಂಟೂ ಇಳಿದುಹೋಗಲೆಂದು ಕಿಟಕಿಯ ಕಬ್ಬಿಣದ ಸರಳು ಹಿಡಿದು, ನಂತರ ಮಾವನ ಕೈ ಮುಟ್ಟಿದೆ. ಏನೂ ಆಗಲಿಲ್ಲ. ಸಂಜೆಯೊಳಗೆ ಗಾಲೀಚಾ ಸುರುಳಿಯಾಗಿ ಅಟ್ಟ ಸೇರಿತು.

ತೊಟ್ಟಿಲ ದಿನ ಪಡಸಾಲೆ ತುಂಬಿತ್ತು. ಒಳಕೋಣೆಯಲ್ಲಿ ಪಕ್ಕದ ಮನೆಯಾಕೆ ಕೂಸಿಗೆ ಕೈ ಚಾಚಿದರು. ಅತ್ತೆ ಅಡ್ಡ ಬಂದರು.

"ನೀವು ಕುಂದ್ರಿ. ಇದು ನನ್ನ ಸೊಸಿ ಕೆಲಸ."

ಅಷ್ಟು ಜನರ ನಡುವೆ ಕೂಸನ್ನು ಎದೆಗೊತ್ತಿಕೊಂಡು, ತಲೆಯೆತ್ತಿ ನಡೆದೆ. ತೊಟ್ಟಿಲು ಮುಟ್ಟುವವರೆಗೂ ಅದರ ನಿದ್ದೆ ಕೆಡಲೇ ಇಲ್ಲ.